ದೊಡ್ಡಮರದ ಗೊಬ್ಬರ

"ಏಯ್ ಮುಂಡೆ, ಕಟ್ಟೆ ಮುಟ್ಬೇಡ! ಬಣ್ಣ ಇನ್ನೂ ಹಸಿ ಇದೆ. ನಿನ್ನ ಗಬ್ಬು ಕೈ ಊರೋಕೆ ಬೇರೆ ಜಾಗ ಸಿಗ್ಲಿಲ್ವಾ?"

ಮೇಸ್ತ್ರಿ ಬೈದದ್ದು ನನ್ನ ಅತ್ತೆಗೆ. ಬೆಳಗಿನಿಂದ ಮೊಣಕಾಲುದ್ದ ಚರಂಡಿಯಲ್ಲಿ ಬಗ್ಗಿ ಹೂಳೆತ್ತಿದ ಮುದುಕಿ, ಸೊಂಟ ಹಿಡಿದುಕೊಂಡಿತೆಂದು ಒಂದು ಗಳಿಗೆ ದೊಡ್ಡಮರದ ಕಟ್ಟೆಗೆ ಕೈ ಊರಿದ್ದಳು. ಮೂವತ್ತು ವರ್ಷದಿಂದ ನಾವು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಅದೇ ಕಟ್ಟೆಯ ಮೇಲೆ. ಇಡೀ ಪೇಟೆಯಲ್ಲಿ ನಮ್ಮನ್ನು ಎಬ್ಬಿಸಿ ಓಡಿಸದ ನೆರಳು ಅದೊಂದೇ. ಹೋದ ವಾರ ಅದಕ್ಕೂ ಕಬ್ಬಿಣದ ಬೇಲಿ ಬಂತು, ಗೇಟು ಬಂತು.

ಇವತ್ತು ಮರಕ್ಕೆ ಸನ್ಮಾನವಂತೆ. ಪೇಟೆಯವರಿಗೆ ಈ ಮರವೆಂದರೆ ಪ್ರಾಣ. ಗಂಡಹೆಂಡಿರು ಬಂದು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಜನ, ನಾವು ಕುಡಿಯಲು ನೀರು ಕೇಳಿದರೆ ಮಾರು ದೂರದಿಂದ ಬೊಗಸೆಗೆ ಹುಯ್ಯುತ್ತಾರೆ.

ಅತಿಥಿಗಳಿಗೆ ವಾಸನೆ ಹೊಡೆಯಬಾರದೆಂದು ನಮ್ಮ ಕೈಲಿ ಚರಂಡಿ ಬಳಿಸಿದ್ದಾಯಿತು. ಹೂಳು ಸಾಗಿಸುವ ಗಾಡಿ ಮಾತ್ರ ಬರಲಿಲ್ಲ. ತುಂಬಿದ ಎರಡು ಬುಟ್ಟಿ ಇಟ್ಟುಕೊಂಡು ಬೇಲಿಯಾಚೆ ನಿಂತೆವು. ಒಳಗೆ ಪುರಸಭೆಯ ಅಧ್ಯಕ್ಷರು ಮೈಕು ಹಿಡಿದಿದ್ದರು.

"ಮುನ್ನೂರು ವರ್ಷದ ಮರ ಇದು! ನಮ್ಮ ಹಿರಿಯರು ಬೆವರು ಸುರಿಸಿ ಸಾಕಿದ್ದು!"

ಅತ್ತೆ ಪಕ್ಕನೆ ನಕ್ಕಳು.

"ಬೆವರಂತೆ ಬೆವರು! ಇವನ ತಾತ ಹೇತಿದ್ದನ್ನ ನಮ್ಮವ್ವ ತಲೆ ಮೇಲೆ ಹೊತ್ಕೊಂಡು ಬಂದು ಇದರ ಬುಡಕ್ಕೆ ಸುರೀತಿದ್ಳು ಕಣೇ. ಬೇರೆ ಕಡೆ ಸುರಿಯೋಕೆ ಬಿಡ್ತಿರ್ಲಿಲ್ಲ. ಮಳೇಲಿ ಬುಟ್ಟಿ ಸೋರಿ ಬಾಯಿಗೇ ಇಳೀತಿತ್ತಂತೆ. ಆಗ ಒಬ್ಬ ನನ್ಮಗನೂ ಈ ಮರದ ಹತ್ರ ಸುಳೀತಿರ್ಲಿಲ್ಲ."



ಮೇಸ್ತ್ರಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. "ಇನ್ನೂ ಇಲ್ಲೇ ಸಾಯ್ತಿದೀರಾ? ತೊಲಗ್ರೇ ಹಿಂದಕ್ಕೆ! ನಾಳೆಯಿಂದ ಈ ಕಡೆ ಬುತ್ತಿಗಿತ್ತಿ ಅಂತ ಕಂಡ್ರೆ ಕಾಲು ಮುರೀತೀನಿ."

ಅತ್ತೆ ಅವನ ಮುಖ ನೋಡಲಿಲ್ಲ. "ಬುಟ್ಟಿ ಎತ್ತೇ," ಅಂದಳು.

ಎತ್ತಿ ಅವಳ ತಲೆಗಿಟ್ಟೆ. ಗೇಟು ದಾಟಿ ನಡೆದಳು. ಕಪ್ಪು ನೀರು ಕುತ್ತಿಗೆಗೆ ಇಳಿಯುತ್ತಿತ್ತು. ಇಸ್ತ್ರಿ ಬಟ್ಟೆಯವರೆಲ್ಲ ಧಡಬಡನೆ ಎದ್ದು ದಾರಿ ಬಿಟ್ಟರು. ಮರದ ಬುಡಕ್ಕೆ ಹೋಗಿ ಬುಟ್ಟಿ ಕವುಚಿದಳು.

"ಹಿಡೀರೋ ಅವಳನ್ನ!" ಅಧ್ಯಕ್ಷರು ಮೈಕಿನಲ್ಲೇ ಅರಚಿದರು.

ಒಂದು ಕೈಯೂ ಮುಂದೆ ಬರಲಿಲ್ಲ. ಹಿಡಿಯಬೇಕೆಂದರೆ ಮುಟ್ಟಬೇಕಲ್ಲ.

"ಗೊಬ್ಬರ ಸ್ವಾಮಿ," ಅಂದಳು ಅತ್ತೆ. "ನಿಮ್ಮ ಮನೇದೇ."

ಮೂಗು ಮುಚ್ಚಿಕೊಂಡವರು ನುಗ್ಗಿ ಹೊರಗೋಡಿದರು. ಅಧ್ಯಕ್ಷರು ಎಲ್ಲರಿಗಿಂತ ಮುಂದಿದ್ದರು. ಕುರ್ಚಿಗಳು ಖಾಲಿಯಾದವು. ಅತ್ತೆ ಮೇಜಿನ ಮೇಲಿದ್ದ ಅತಿಥಿಗಳ ನೀರಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ಮೊಣಕೈವರೆಗೂ ನಿಧಾನವಾಗಿ ತೊಳೆದುಕೊಂಡಳು. ಆಮೇಲೆ ಹಸಿ ಬಣ್ಣದ ಕಟ್ಟೆಯ ಮೇಲೆ ಕುಂಡಿ ಊರಿ ಕೂತಳು.

"ಬಾರೇ, ಹೊಟ್ಟೆ ಹಸೀತಿದೆ."

ಎರಡನೇ ಬುಟ್ಟಿಯನ್ನು ಗೇಟಿಗೆ ಅಡ್ಡವಾಗಿ ಸುರಿದು, ಬುತ್ತಿ ತೆಗೆದುಕೊಂಡು ನಾನೂ ಒಳಗೆ ಹೋದೆ.