ಅಂಕಲಿಗೇರಿಯ ವಾಲ್ವ್ ಚಾವಿ

ನಾನು ಒಂದು ಕಬ್ಬಿಣದ ಚಾವಿ. ಚಾವಿ ಎಂದೊಡನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥದನ್ನು ನೆನೆಯಬೇಡಿ. ನೆಟ್ಟಗೆ ನಿಲ್ಲಿಸಿದರೆ ನಾನು ಮನುಷ್ಯನ ಎದೆಯ ಎತ್ತರ ಬರುತ್ತೇನೆ. ಮೇಲೆ ಎರಡು ಕೈಯಲ್ಲಿ ಹಿಡಿಯಲು ಅಡ್ಡ ಹಿಡಿಕೆ, ಕೆಳಗೆ ಚೌಕದ ಬಾಯಿ. ಕುಡಿಯುವ ನೀರಿನ ಪೈಪಿಗೆ ಕೂಡಿಸಿದ ವಾಲ್ವು ನೆಲದೊಳಗೆ ಗುಂಡಿಯಲ್ಲಿರುತ್ತದೆ. ಅದರ ತಲೆಯ ಮೇಲೆ ನನ್ನ ಬಾಯಿ ಕೂರಿಸಿ ಬಲಕ್ಕೆ ತಿರುಗಿಸಿದರೆ ನೀರು ನಿಲ್ಲುತ್ತದೆ, ಎಡಕ್ಕೆ ತಿರುಗಿಸಿದರೆ ಹರಿಯುತ್ತದೆ. ನನಗೆ ಬರುವ ವಿದ್ಯೆ ಇಷ್ಟೇ.

ನನ್ನನ್ನು ಮಾಡಿದವನು ಕಮ್ಮಾರ ಮೌನೇಶ. ಲಾರಿಯ ಹಳೆಯ ಸಲಾಕೆಯೊಂದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನಡುವೆ ಕಡಿದ. ಒಂದು ತುಂಡು ನಾನಾದೆ, ಇನ್ನೊಂದು ನನ್ನ ತಮ್ಮನಾದ. ತೊಟ್ಟಿಯ ನೀರಿನಲ್ಲಿ ಇಬ್ಬರನ್ನೂ ಒಟ್ಟಿಗೇ ಮುಳುಗಿಸಿದಾಗ ಬುಸ್ಸೆಂದ ಸದ್ದೇ ನನ್ನ ಮೊದಲ ನೆನಪು.

ಇಬ್ಬರು ಬೇಕೆಂದು ಹೇಳಿ ಮಾಡಿಸಿದವರು ಎಂಜಿನಿಯರ್ ವೈಜಯಂತಿ ಮೇಡಂ. ಅಂಕಲಿಗೇರಿ ಭೀಮಾ ಹೊಳೆಯ ದಂಡೆಯ ಊರು. ಹೊಳೆಯಿಂದ ಬರುವ ಪೈಪು ಊರ ಚರಂಡಿ ಬೀಳುವ ಹಳ್ಳವನ್ನು ದಾಟಿ ಕೆಳಗೇರಿಗೆ ಹೋಗುತ್ತದೆ. ಹೊಳೆ ಏರಿದರೆ ಆ ಹಳ್ಳ ಹಿಂದಕ್ಕೆ ತುಂಬಿಕೊಂಡು, ಪೈಪಿನ ಬಿರುಕುಗಳಿಂದ ಹೊಲಸು ಒಳಗೆ ಸೇರುತ್ತದೆ. ಒಂದು ಮಳೆಗಾಲ ಹಾಗೆಯೇ ಆಗಿ, ಕೆಳಗೇರಿಯಲ್ಲಿ ವಾಂತಿಭೇದಿ ಹಬ್ಬಿ, ಜನ ಹೇಗೋ ಬದುಕಿಕೊಂಡರು. ಆಮೇಲೆ ಮೇಡಂ ಬಂದು, ಪಂಚಾಯಿತಿಯವರನ್ನು ಎರಡು ದಿನ ಕೂರಿಸಿಕೊಂಡು ಒಂದು ಯೋಜನೆ ಮಾಡಿದರು. ಪಂಪ್‌ಮನೆಯ ಗೋಡೆಗೆ ನೀಲಿ ಬಣ್ಣದಲ್ಲಿ ಅದನ್ನು ಬರೆಸಿದರು. ಹೊಳೆ ದಂಡೆಯ ಕಲ್ಲಿಗೆ ಬಳಿದ ಕೆಂಪು ಗೀಟು ಮುಟ್ಟಿದರೆ ಮೊದಲು ಹಳ್ಳದ ವಾಲ್ವು ಮುಚ್ಚುವುದು. ಆಮೇಲೆ ಮೋಟರ್ ನಿಲ್ಲಿಸುವುದು. ಡಂಗುರ ಸಾರಿಸಿ ಗುಡ್ಡದ ಬಾವಿಯ ನೀರು ತರಿಸುವುದು. ಬ್ಲೀಚಿಂಗ್ ಪುಡಿ ಎರಡು ಚೀಲ ಯಾವಾಗಲೂ ಇಟ್ಟಿರುವುದು. ಚಾವಿ ಎರಡು, ಎರಡು ಕಡೆ ಇರುವುದು.

ಊರಿಗೆ ನೀರು ಬಿಡುವ ಸಾಯಬಣ್ಣನ ಮನೆಗೆ ನಾನು ಹೋದೆ. ತಮ್ಮ ಪಂಚಾಯಿತಿಯ ಕಪಾಟಿನ ಹಿಂದೆ ನಿಂತ.

ಸಾಯಬಣ್ಣನನ್ನು ನಾನು ಹೆಚ್ಚಾಗಿ ಕಾಲಿನಿಂದ ಬಲ್ಲೆ. ಹಿಮ್ಮಡಿ ಬಿರಿದ, ಬೆರಳ ಸಂದಿ ನೀರಿನಲ್ಲಿ ಸದಾ ಬೆಳ್ಳಗಾಗಿರುವ ಕಾಲು. ಅವನಿಗೆ ಓದು ಬಾರದು. ಮಗಳು ಸಿದ್ದಮ್ಮ ಗೋಡೆಯ ಮುಂದೆ ಅವನನ್ನು ನಿಲ್ಲಿಸಿ ಬಾಯಿಪಾಠ ಮಾಡಿಸಿದಳು.

"ಮೊದಲ ಏನಪ್ಪಾ?"

"ಮೋಟರ್ ಬಂದ್."

"ತಪ್ಪು! ಮೊದಲ ವಾಲು. ಮೋಟರ್ ನಿಂತ್ರ ಪೈಪಿನ್ಯಾಗ ಜೋರು ಹೋಗತೈತಿ, ಹೊರಗಿನ ಹೊಲಸೆಲ್ಲಾ ಒಳಗ ಎಳಕೊಂತೈತಿ ಅಂತ ಮೇಡಂ ಹೇಳಿಲ್ಲೇನು?"

"ಹೇಳ್ಯಾರ ಬಿಡವಾ. ಮಾಸ್ತರಕಿಂತ ನೀನ ಕಡಕ ಆದಿ."

ಏಳು ವರ್ಷ ಹೊಳೆ ಗೀಟು ಮುಟ್ಟಲಿಲ್ಲ. ಗೋಡೆಯ ಬಣ್ಣ ಮಾಸಿತು. ಸಿದ್ದಮ್ಮನ ಮದುವೆಯಾಯಿತು.

ಈ ಕಡೆ ಖಂಡೇನವಮಿಯ ದಿನ ಊರಿನ ಆಯುಧಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ. ಕುಡಗೋಲು, ತಕ್ಕಡಿ, ಹೊಲಿಗೆ ಯಂತ್ರ ಯಾವುದನ್ನೂ ಬಿಡುವುದಿಲ್ಲ. ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಹಬ್ಬದಲ್ಲಿ ನೀರು ನಿಲ್ಲಬಾರದೆಂದು ಹಿಂದಿನ ದಿನವೇ ವಾಲ್ವು ತೆರೆದಿಟ್ಟು, ಸಾಯಬಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ಪಂಚಾಯಿತಿಗೆ ಒಯ್ಯುತ್ತಿದ್ದ. ಜೋಡಿ ಆಯುಧ ಅಗಲಿಸಿ ಇಡಬಾರದೆಂದು ಅಲ್ಲಿ ನನ್ನನ್ನೂ ತಮ್ಮನನ್ನೂ ಒಂದೇ ಮಣೆಯ ಮೇಲೆ ಮಲಗಿಸಿ, ವಿಭೂತಿ ಬಳಿದು, ಒಂದೇ ಅರಿಶಿನದ ದಾರದಿಂದ ಕಟ್ಟುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಅದು ವರ್ಷದ ಅತಿ ಸುಖದ ದಿನವಾಗಿತ್ತು. ತಮ್ಮನ ಮೈ ತಾಗುತ್ತಿತ್ತು. ಎರಡು ಕಡೆ ಇರಬೇಕಾದ ನಾವು ಒಂದೇ ಕಡೆ ಇದ್ದೇವೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎಂಟನೆಯ ವರ್ಷದ ನವಮಿ. ಮುಂಜಾನೆ ಕಾಯಿ ಒಡೆದಿದ್ದರು. ಮಧ್ಯಾಹ್ನದ ಹೊತ್ತಿಗೆ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಂದು ಫೋನು ಬಂತು. ಮೂರು ಗಂಟೆಗೆ ಸಾಯಬಣ್ಣನ ಕಾಲು ನನ್ನ ಮುಂದೆ ಬಂದು ನಿಂತಿತು. ಮೊಣಕಾಲಿನ ತನಕ ಕೆಂಪು ಕೆಸರು.

"ಗೌಡ್ರ, ಹೊಳಿ ಗೀಟ ಮುಟ್ಟೇತ್ರಿ. ಚಾವಿ ಎತ್ಲೇನ್ರಿ?"

ಅಧ್ಯಕ್ಷ ಮಲ್ಲಣಗೌಡ ಕುರ್ಚಿಯಿಂದ ಏಳಲಿಲ್ಲ. "ಏನ್ ಎತ್ತತೀಯೋ ಮಾರಾಯಾ? ಈಗರೆ ಪೂಜಿ ಆಗೈತಿ. ಮೋಟರ್ ಬಂದ್ ಮಾಡು, ಮುಗೀತು. ಮೋಟರ್ ಇಲ್ಲಂದ್ರ ನೀರು ಎಲ್ಲಿಂದ ಬರ್ತಾವ?"

"ಮೊದಲ ವಾಲು ಅಂತ ಗ್ವಾಡಿ ಮ್ಯಾಲ ಬರದೈತ್ರಿ."

"ಬರದಾಕಿಗೆ ಖಂಡೇನವಮಿ ಗೊತ್ತೈತೇನು? ನಾಳೆ ಬನ್ನಿ ಮುಡದು ಎತ್ತು. ಸಿಂಪಿಗ್ಯಾರ ಭೋಜಪ್ಪ ನವಮಿ ದಿನ ಕತ್ತರಿ ಎತ್ತಿ ಬೆರಳ ಕಳಕೊಂಡಿದ್ದು ಮರತಿ?"

"ಅಂವ ಕುಡದಿದ್ದ ಬಿಡ್ರಿ," ಎಂದರು ಬಾಗಿಲ ಕಡೆಯಿಂದ ಯಾರೋ. ಎಲ್ಲರೂ ನಕ್ಕರು. ಸಾಯಬಣ್ಣನೂ ಸ್ವಲ್ಪ ನಕ್ಕ.

ಅವನು ಹೋಗಿ ಮೋಟರ್ ನಿಲ್ಲಿಸಿ ಬಂದ. ಆದರೂ ಮನೆಗೆ ಹೋಗದೆ ಪಂಚಾಯಿತಿಯ ಕಟ್ಟೆಯ ಮೇಲೆ ಕೂತ. ಸಂಜೆಯ ಹೊತ್ತಿಗೆ ಅವನ ಹೆಂಡತಿ ಗುರುಬಸವ್ವ ಖಾಲಿ ಕೊಡ ಹಿಡಿದುಕೊಂಡು ಬಂದಳು. ಸಿದ್ದಮ್ಮ ಹೆರಿಗೆಗೆ ತವರಿಗೆ ಬಂದು, ಹೆತ್ತು ಒಂಬತ್ತು ದಿನವಾಗಿತ್ತು.

"ನಿನ್ನ ಮಗಳು ಒಳಗ ಕುಂತು ಒದರ್ಯಾಡಾಕತ್ತಾಳ. ಅಪ್ಪ ವಾಲು ಬಂದ್ ಮಾಡಿಲ್ಲಂದ್ರ ನಾನ ಬಂದು ಚಾವಿ ಎತ್ತತೀನಿ ಅಂತಾಳ. ಪುರುಡಿನ ಮೈಲಿಗಿ ಇಟಗೊಂಡು ಪೂಜಿ ಮುಟ್ಟತಾಳಂತ!"

"ಅಕಿ ಹೇಳೂದು ಖರೆ ಐತಿ," ಎಂದ ಸಾಯಬಣ್ಣ ಮೆಲ್ಲಗೆ.

"ಖರೆ ಇದ್ರ ಇರಲಿ. ದೇವರ ಮುಂದಿಟ್ಟದ್ದು ಎತ್ತಬ್ಯಾಡ ಮತ್ತ, ಮನ್ಯಾಗ ಹಸಗೂಸೈತಿ. ಅದೂ ಅಲ್ದ ನೀ ಮೋಟರ್ ಬಂದ್ ಮಾಡಿದ್ರೂ ಕೆಳಗೇರ್ಯಾಗ ನಳ ತಾನ ಹರ್ಯಾಕತ್ತಾವ. ಹಬ್ಬದ ದಿನ ಗಂಗವ್ವ ತಾನಾಗೇ ಬಂದಾಳ ಅಂತ ಎಲ್ಲಾರೂ ತುಂಬಾಕತ್ತಾರ. ನಾನೂ ಹೊಂಟೀನಿ."

ನಳ ತಾನೇ ಹರಿಯುತ್ತಿದೆ ಎಂದ ಕೂಡಲೇ ಸಾಯಬಣ್ಣ ಎದ್ದ. ಅದು ಹಳ್ಳದ ನೀರೆಂದು ಅವನಿಗೆ ಗೊತ್ತಾಯಿತು. ನನ್ನ ಮುಂದೆ ಬಂದು ಬಗ್ಗಿದ. ಅವನ ಕೈ ನನ್ನ ಹಿಡಿಕೆಯ ಹತ್ತಿರಕ್ಕೆ, ಒಂದು ಗೇಣಿನಷ್ಟು ಹತ್ತಿರಕ್ಕೆ ಬಂತು. ಎತ್ತು ಎಂದು ಒದರಲು ನನಗೆ ಗಂಟಲಿಲ್ಲ. ಅವನು ಹೊರಳಿ ಗೌಡನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ಅದೇ ಕೈಯಿಂದ ನನ್ನ ಮುಂದಿನ ವಿಭೂತಿ ಮುಟ್ಟಿ ಹಣೆಗೆ ಹಚ್ಚಿಕೊಂಡ.

"ಕುಡಿಯಾಕ ತುಂಬಬ್ಯಾಡ್ರಿ ಅಂತ ಹೇಳಿ ಬರತೀನಿ," ಎಂದು ಹೋದ. ಡಂಗುರದ ಹಲಗೆಯೂ ಪೂಜೆಗೆ ಕೂತಿತ್ತು. ಬರಿಗಂಟಲಲ್ಲಿ ಓಣಿ ಓಣಿ ಕೂಗಿದನಂತೆ. ಹಬ್ಬದ ಗದ್ದಲದಲ್ಲಿ ಕೆಲವರಿಗಷ್ಟೇ ಕೇಳಿಸಿತು. ಅಷ್ಟರಲ್ಲಿ ಕೊಡಗಳೆಲ್ಲ ತುಂಬಿದ್ದವು.

ಮರುದಿನ ಮಧ್ಯಾಹ್ನ ಬನ್ನಿ ಮುಡಿದು, ದಾರ ಬಿಚ್ಚಿ ನನ್ನನ್ನು ಕೊಟ್ಟರು. ಸಾಯಬಣ್ಣ ಓಡಿದ. ಸೊಂಟಮಟ್ಟದ ರಾಡಿ ನೀರಿನಲ್ಲಿ ವಾಲ್ವಿನ ತಲೆಗಾಗಿ ನನ್ನ ಬಾಯಿಯಿಂದ ತಡಕಾಡಿದ. ಸಿಕ್ಕಿತು. ಇಪ್ಪತ್ತೆರಡು ಸುತ್ತು ತಿರುಗಿಸಿದ. ವಾಲ್ವು ಬಿಗಿಯಾಗಿ ಮುಚ್ಚಿತು. ಅಷ್ಟು ಚೆನ್ನಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ, ಅಷ್ಟು ವ್ಯರ್ಥವಾಗಿಯೂ ಮಾಡಿರಲಿಲ್ಲ.

ಮನೆಗೆ ತಂದು ಗೋಡೆಗೆ ಒರಗಿಸಿದ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ದಶಮಿಯ ಮರುದಿನ ಮುಂಜಾನೆಯೇ ಗುರುಬಸವ್ವನಿಗೆ ವಾಂತಿಭೇದಿ ಶುರುವಾಯಿತು. ಬಾಣಂತಿಗೆಂದು ಅವಳು ಮೂರು ಹೊತ್ತೂ ನೀರು ಕಾಸುತ್ತಿದ್ದಳು. ತಾನು ಕೊಡದಿಂದ ತಣ್ಣೀರು ಬಗ್ಗಿಸಿ ಕುಡಿಯುತ್ತಿದ್ದಳು.

"ಕಾಸಿದ ನೀರು ಇಲ್ಲೇ ಇತ್ತಲ್ಲವ್ವಾ, ಒಂದ್ ಗುಟಕ ಕುಡಿಬಾರದಿತ್ತ?" ಎಂದು ಸಿದ್ದಮ್ಮ ಅತ್ತಳು.

"ನಾ ಏನ್ ಬಾಣಂತೆನ?" ಎಂದಳು ಗುರುಬಸವ್ವ. ಅವಳು ಆಡಿದ ಮಾತುಗಳಲ್ಲಿ ನಾನು ಕೇಳಿದ ಕೊನೆಯದು ಅದು. ಸೇತುವೆ ಮುಳುಗಿತ್ತು. ಅವಳನ್ನು ಟ್ರ್ಯಾಕ್ಟರಿನಲ್ಲಿ ಸುತ್ತುಹಾದಿ ಹಿಡಿದು ದವಾಖಾನೆಗೆ ಒಯ್ದವರು ಅರ್ಧ ದಾರಿಯಿಂದ ಹಿಂದಿರುಗಿದರು.

ಕೆಳಗೇರಿಯಲ್ಲಿ ನಲವತ್ತು ಮಂದಿ ಮಲಗಿದರು, ಮೂವರು ಏಳಲಿಲ್ಲ. ಬ್ಲೀಚಿಂಗ್ ಪುಡಿಗೆ ಹುಡುಕಿದರೆ ಎರಡೂ ಚೀಲ ಖಾಲಿ. ಹಬ್ಬಕ್ಕೆ ಚಂದ ಕಾಣಲೆಂದು ಬೀದಿಯ ಅಂಚಿಗೆ ಅದರಿಂದಲೇ ಬಿಳಿ ಗೆರೆ ಎಳೆದಿದ್ದರು. ವೈಜಯಂತಿ ಮೇಡಂ ಈಗ ಬೇರೆ ತಾಲೂಕಿನಲ್ಲಿದ್ದರೂ ಬಂದರು. "ಒಂದು ಚಾವಿ ಸಿಗದಿದ್ದರೆ ಇನ್ನೊಂದು ಇತ್ತಲ್ಲ, ಎಲ್ಲಿತ್ತು?" ಎಂದು ಕೇಳಿದರು.

"ಎರಡೂ ಇಲ್ಲೇ ಇದ್ವು ಮೇಡಂ, ಜ್ವಾಕಿಯಿಂದ ಇಟ್ಟಿದ್ವಿ," ಎಂದ ಗೌಡ. ಅವನು ಸುಳ್ಳು ಹೇಳಲಿಲ್ಲ.

ಸಾಯಬಣ್ಣನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಅವನೇ ಬಿಟ್ಟ. ನನ್ನನ್ನು ಪಂಚಾಯಿತಿಯ ಬಾಗಿಲಲ್ಲಿ ಇಟ್ಟು, ಒಳಗೆ ಬಾರದೆ ಹೋದ. ಆಮೇಲೆ ಹಳ್ಳದ ವಾಲ್ವನ್ನು ಕಿತ್ತು, ಕೈಯಿಂದಲೇ ತಿರುಗಿಸುವ ಚಕ್ರದ ವಾಲ್ವು ಕೂರಿಸಿದರು. ತಮ್ಮನನ್ನು ಗುಜರಿಯವನು ಒಯ್ದ. ನಾನು ಹಿಂದಿನ ಕೋಣೆಯ ಮೂಲೆಯಲ್ಲಿ, ಮುರಿದ ಬೆಂಚಿನ ಹಿಂದೆ ತುಕ್ಕು ಹಿಡಿಯುತ್ತಿದ್ದೇನೆ. ಈ ಊರಿನಲ್ಲಿ ನನ್ನ ಬಾಯಿ ಕೂರುವ ವಾಲ್ವು ಒಂದೂ ಉಳಿದಿಲ್ಲ.

ಹೋದ ತಿಂಗಳು ಸಿದ್ದಮ್ಮ ತಾಯಿಯ ಮರಣದ ದಾಖಲೆ ತೆಗೆದುಕೊಳ್ಳಲು ಬಂದಳು. ಕಾಗದ ಹುಡುಕುವ ತನಕ ಈ ಕೋಣೆಯಲ್ಲಿ ನಿಂತಿದ್ದವಳು ನನ್ನನ್ನು ಕಂಡಳು. ಒಂದು ಕಂಕುಳಲ್ಲಿ ಕೂಸು ನಿದ್ದೆ ಹೋಗಿತ್ತು. ಇನ್ನೊಂದು ಕೈಯಿಂದ ನನ್ನ ಹಿಡಿಕೆ ಹಿಡಿದು ಮೇಲಕ್ಕೆತ್ತಿದಳು. ಒಂದೇ ಕೈಯಲ್ಲಿ, ಸಲೀಸಾಗಿ ಎತ್ತಿದಳು.

"ಇಷ್ಟ ಏನು?" ಎಂದಳು. "ಇಷ್ಟ ಹಗುರ ಐತೇನು ಇದು?"

ಕೂಸಿಗೆ ಎಚ್ಚರವಾಗದ ಹಾಗೆ ನನ್ನನ್ನು ಮೆಲ್ಲಗೆ ನೆಲಕ್ಕಿಳಿಸಿದಳು. ನಾನು ಅಂದೂ ಇಷ್ಟೇ ತೂಗುತ್ತಿದ್ದೆ.