ಅಸಲಿ ಇಟ್ಟಿಗೆಗಳ ರೈಲು

ಗೋಪಿನಾಥ ಕಟ್ಟಿ ತಂದಿದ್ದ ಸೇತುವೆಯನ್ನು ಎರಡು ಮೇಜುಗಳ ನಡುವಿನಿಂದ ಎತ್ತಿ, ನಾನು ಸಭಾಂಗಣದ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಇಟ್ಟೆ.

ಅದು ೨೦೦೬ರ ಡಿಸೆಂಬರ್, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ದೆಹಲಿಯ ಸರೋಜಿನಿ ನಗರದ ಸಮುದಾಯ ಭವನದಲ್ಲಿ ನಮ್ಮ ಇಟ್ಟಿಗೆ ರೈಲು ಬಳಗದ ಪ್ರದರ್ಶನ. ಬಳಗವೆಂದರೆ ಒಂಬತ್ತು ಕನ್ನಡದ ಮನೆಗಳು, ಹೆಚ್ಚಿನವು ಕೇಂದ್ರ ಸರ್ಕಾರದ ನೌಕರರವು. ಒಬ್ಬೊಬ್ಬರೂ ಒಂದೇ ಎತ್ತರದ ಮೇಜಿನ ಮೇಲೆ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳಿಂದ ನಿಲ್ದಾಣವನ್ನೋ ಹೊಲವನ್ನೋ ಬಜಾರನ್ನೋ ಕಟ್ಟಿ ತರಬೇಕು. ಮೇಜುಗಳನ್ನು ಸುತ್ತಲೂ ಜೋಡಿಸಿ ಹಳಿಗಳನ್ನು ಕೂಡಿಸಿದರೆ ಎಲ್ಲರ ಊರುಗಳ ಮೇಲೂ ಒಂದೇ ರೈಲು ಓಡುತ್ತದೆ. ಕೇಳಲು ಎಷ್ಟು ಚೆಂದ!

ಒಂದೇ ನಿಯಮ: ಇಟ್ಟಿಗೆ ಅಸಲಿಯಾಗಿರಬೇಕು. ಅಸಲಿ ಇಟ್ಟಿಗೆಯ ತಲೆಯ ಮೇಲಿನ ಪ್ರತಿ ಗುಂಡಿಯಲ್ಲೂ ವಿದೇಶಿ ಕಂಪನಿಯ ಹೆಸರು ಸಾಸಿವೆಯಷ್ಟು ಸಣ್ಣದಾಗಿ ಉಬ್ಬಿರುತ್ತದೆ. ಸದರ್ ಬಜಾರಿನ ಸಗಟು ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ನಕಲಿಯ ತಲೆ ಬೋಳು. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಒಂದರ ಮೇಲೊಂದು ಕೂರಿಸಿದರೆ ಕೂರುತ್ತವೆ. ಆದರೂ ಭೂತಗನ್ನಡಿ ಹಿಡಿದು ಹುಟ್ಟು ನೋಡಬೇಕು.

ಆ ಭೂತಗನ್ನಡಿ ನನ್ನ ಕೈಯಲ್ಲಿತ್ತು. ಯಾರೂ ಒಪ್ಪಿಸಿದ್ದಲ್ಲ, ನಾನೇ ಕೇಳಿ ಪಡೆದದ್ದು. ಪರೀಕ್ಷೆ ಮಾಡುವವನನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ದೆಹಲಿಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಲಿತ ವಿದ್ಯೆ ಅದು. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಯಾರಾದರೂ "ಸುದರ್ಶನ್ ಅವರೇ, ನಿಮ್ಮದು ಯಾವೂರು?" ಎಂದರೆ "ಮೈಸೂರು" ಎನ್ನುತ್ತಿದ್ದೆ. ನಂಜನಗೂಡಿನ ಆಚೆಯ ಹಳ್ಳಿಯ ಹೆಸರಾಗಲಿ, ಆ ಹಳ್ಳಿಯ ಹೊರಗಿದ್ದ ನಮ್ಮ ಕೇರಿಯಾಗಲಿ ನನ್ನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಗೋಪಿನಾಥ ಹೌಜ್ ಖಾಸಿನ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಅವನು ಬಳಗಕ್ಕೆ ಸೇರಿದ್ದು ಆ ಬೇಸಿಗೆಯಲ್ಲಿ. ಮೊದಲ ದಿನವೇ ಎಲ್ಲರೆದುರು, "ನಾನು ನಂಜನಗೂಡು ಕಡೆಯವನು, ಇಂಥ ಕೇರಿಯವನು" ಎಂದು ಹೇಳಿಕೊಂಡಿದ್ದ. ನನ್ನದೇ ಕೇರಿ. ನಾನು ಟೀ ಲೋಟದೊಳಗೆ ಮುಖ ಇಟ್ಟುಕೊಂಡಿದ್ದೆ.

ನಾಲ್ಕು ತಿಂಗಳ ಹಿಂದೆ ಅವನು ಫೋನು ಮಾಡಿ, "ಸಾರ್, ಸದರ್ ಬಜಾರಿನ ಇಟ್ಟಿಗೆ ನಡೆಯುತ್ತಾ? ಅಸಲಿ ನಮ್ ಕೈಗೆ ಎಟುಕಲ್ಲ" ಎಂದು ಕೇಳಿದ್ದ. ಇಲ್ಲ ಎನ್ನಬೇಕಿತ್ತು. ಇಲ್ಲವೇ, ಆ ನಿಯಮವೇ ಹೊಲಸು ಎಂದು ಬಳಗದಲ್ಲಿ ಎದ್ದು ನಿಂತು ಹೇಳಬೇಕಿತ್ತು. "ಕಟ್ಟಿ ನೋಡಿ, ಆಮೇಲೆ ನೋಡೋಣ" ಎಂದು ಫೋನಿಟ್ಟೆ.

ಅವನು ಕಟ್ಟಿದ. ಯಮುನೆಯ ಮೇಲಿನ ಹಳೆಯ ಕಬ್ಬಿಣದ ಸೇತುವೆ. ಮೇಲೆ ರೈಲು, ಕೆಳಗೆ ರಸ್ತೆ, ರಸ್ತೆಯ ಮೇಲೆ ಹೆಬ್ಬೆರಳಿನಷ್ಟು ಸೈಕಲ್ ರಿಕ್ಷಾಗಳು. ನಕಲಿ ಇಟ್ಟಿಗೆಗಳ ಹಿಡಿತ ಒಂದೇ ಸಮ ಇರುವುದಿಲ್ಲ, ಕೆಲವು ಕಚ್ಚುತ್ತವೆ, ಕೆಲವು ಜಾರುತ್ತವೆ. ಅವನ ಹೆಂಡತಿ ದೇವಕಿ ಒಂದೊಂದನ್ನೂ ಕೂರಿಸಿ, ಕಿತ್ತು, ಬಿಗಿಯಾದವು ಒಂದು ಡಬ್ಬಿಗೆ, ಸಡಿಲವಾದವು ಇನ್ನೊಂದಕ್ಕೆ ಎಂದು ಆರಿಸಿ ಕೊಟ್ಟಿದ್ದಳು, ಅಕ್ಕಿ ಆರಿಸುವಂತೆ. ಭಾರ ಬೀಳುವ ಕಡೆಯೆಲ್ಲ ಬಿಗಿಯಾದವು. ನಾಲ್ಕಡಿ ಉದ್ದದ ಆ ಸೇತುವೆ ಎಂಜಿನ್ನು, ಎಂಟು ಬೋಗಿ ಹೊತ್ತು ಕೂದಲೆಳೆಯಷ್ಟೂ ಬಾಗಲಿಲ್ಲ. ಆ ಮಧ್ಯಾಹ್ನ ನಾನೇ ರೈಲು ಓಡಿಸಿ ನೋಡಿದ್ದೆ. ಆಮೇಲೆ ಭೂತಗನ್ನಡಿ ತೆಗೆದೆ.

"ಬೋಳು," ಅಂದೆ.

ಬಳಗದ ಅಧ್ಯಕ್ಷರಾದ ಕೇಶವಮೂರ್ತಿ, ವಿದೇಶ ಪ್ರವಾಸಕ್ಕೆ ಹೋದಾಗಲೆಲ್ಲ ಪೆಟ್ಟಿಗೆ ತುಂಬ ಅಸಲಿ ಇಟ್ಟಿಗೆ ತರುವ ದೊಡ್ಡ ಅಧಿಕಾರಿ, ಹತ್ತಿರ ಬಂದು ಬಗ್ಗಿ ನೋಡಿದರು. "ಅರೇ, ಇದನ್ನೇನು ಕೆ.ಜಿ. ಲೆಕ್ಕದಲ್ಲಿ ತಂದ್ರೇನ್ರೀ, ಆಲೂಗಡ್ಡೆ ಥರ?"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

"ಹೌದು ಸಾರ್, ಕೆ.ಜಿ. ಲೆಕ್ಕವೇ," ಎಂದ ಗೋಪಿನಾಥ, ಅವನೂ ನಗುತ್ತ. ಅದು ತಮಾಷೆ ಎಂದೇ ಅವನು ತಿಳಿದಿದ್ದ.

"ಇದನ್ನ ಸೇರಿಸಿದ್ರೆ ನಮ್ಮ ಲೇಔಟೇ ಕೆಡುತ್ತೆ. ಸುದರ್ಶನ್, ತೆಗೀರಿ."

ತೆಗೆದೆ. ಆ ಜಾಗಕ್ಕೆ ಒಂದು ಹಲಗೆ ಹಾಕಿ ಹಳಿ ಜೋಡಿಸಿದೆವು. ರೈಲು ಓಡಿತು.

ಮೂರೂವರೆಗೆ ಕೇಶವಮೂರ್ತಿಯವರ ಮೊಬೈಲು ಬಡಿದುಕೊಂಡಿತು. ಕರೆ ಮಾಡಿದವರು ಅಂದಿನ ಮುಖ್ಯ ಅತಿಥಿ, ರೈಲ್ವೆಯ ನಿವೃತ್ತ ಎಂಜಿನಿಯರ್. ಅವರಿಗೆ ಯಾರೋ ಗೋಪಿನಾಥನ ಸೇತುವೆಯ ಫೋಟೋ ತೋರಿಸಿದ್ದರಂತೆ. ತಾರುಣ್ಯದಲ್ಲಿ ಯಮುನೆಯ ಆ ಸೇತುವೆಯ ಮೇಲೆ ದುಡಿದವರಂತೆ, ಈ ಮಾದರಿಯನ್ನು ನೋಡಲೆಂದೇ ಬರುತ್ತಿದ್ದಾರಂತೆ.

"ಅಚ್ಛಾ, ಒಂದು ಕೆಲಸ ಮಾಡಿ," ಕೇಶವಮೂರ್ತಿ ನನ್ನನ್ನು ಕಂಬದ ಮರೆಗೆ ಕರೆದರು. "ಸೇತುವೆ ವಾಪಸ್ ಇಡಿಸಿ. ಸುತ್ತ ಹಗ್ಗ ಕಟ್ಟೋಣ, ಯಾರೂ ಮುಟ್ಟೋದು ಬೇಡ. ಚೀಟಿಯಲ್ಲಿ ಬಳಗದ ಹೆಸರಿರಲಿ. ಆ ಗಂಡ ಹೆಂಡತಿ ಒಂದು ಗಂಟೆ ಹೊರಗೇ ಇರಲಿ, ಏನಾದ್ರೂ ಬಾಯಿಬಿಟ್ರೆ ಕಷ್ಟ. ಆಮೇಲೆ ಟೀಗೆ ಬರ್ಲಿ, ಪಾಪ."

ಸೇತುವೆ ಒಳಗೆ, ಕಟ್ಟಿದವರು ಹೊರಗೆ. ಈ ದೇಶದಲ್ಲಿ ಯಾವ ಗುಡಿ, ಯಾವ ಕಟ್ಟಡ ಬೇರೆ ಥರ ಎದ್ದಿದೆ? ಇದೆಲ್ಲ ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಓದಿ, ಚರ್ಚಿಸಿ, ಮುಷ್ಟಿ ಎತ್ತಿದವನು ನಾನು. "ಆಯ್ತು ಸರ್" ಎಂದು ಹೊರಟೆ.

ವರಾಂಡದಲ್ಲಿ ಗಂಡ ಹೆಂಡತಿ ಸೇತುವೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ನಾನು ವಿಷಯ ಹೇಳಿದೆ. ಹಗ್ಗ, ಚೀಟಿ, ಒಂದು ಗಂಟೆ, ಎಲ್ಲವನ್ನೂ. ಗೋಪಿನಾಥ ಸೀರೆ ಸುತ್ತುತ್ತಲೇ ಇದ್ದ. ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಇಪ್ಪತ್ತೆರಡು ವರ್ಷ ಮುಚ್ಚಿಟ್ಟ ಮಾತಿನ ಧಾಟಿಯನ್ನು ನಾಲಿಗೆಗೆ ಎಳೆದುಕೊಂಡೆ.

"ಅಣ್ಣೋ, ನಾನೂ ನಿಮ್ ಕೇರಿಯವ್ನೇ ಕಣಣ್ಣ. ನಮ್ಮೋರು ಅಂತ ಕೇಳ್ತಿದೀನಿ. ನನ್ ಮಾನ ಉಳ್ಸು."

"ಗೊತ್ತು," ಎಂದ ಅವನು, ಸೀರೆಯ ಗಂಟು ಬಿಗಿಯುತ್ತ. "ಸಿದ್ದಯ್ಯನೋರ ಮಗ. ನಿಮ್ಮಪ್ಪನ ಮುಖವನ್ನೇ ಹಾಕ್ಕೊಂಡು ತಿರುಗ್ತಿದೀರಿ, ಮುಚ್ಚಿಡೋಕಾಗುತ್ತಾ ಸಾರ್?"

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ನೀವೇ ಹೇಳ್ಲಿ ಅಂತ."

ಆದರೂ ನಾನು ಏಳಲಿಲ್ಲ. ನಮ್ಮೋರು ಎಂಬ ಮಾತು ಅವನೊಳಗೆ ಎಲ್ಲೋ ತಾಕಿತ್ತು, ಅದು ನನಗೆ ಕಾಣುತ್ತಿತ್ತು. ಕಂಡದ್ದರಿಂದಲೇ ಕಾದೆ. ಅವನು ನಿಟ್ಟುಸಿರುಬಿಟ್ಟು ಗಂಟಿನ ಮೇಲಿಂದ ಕೈ ತೆಗೆದ. "ಹೋಗ್ಲಿ ದೇವಕಿ, ಒಂದು ಗಂಟೆ ತಾನೇ," ಎಂದ.

ಒಳಗಿನಿಂದ ಕೇಶವಮೂರ್ತಿ ಕೂಗಿದರು: "ಸುದರ್ಶನ್, ಚಲೋ ಚಲೋ! ಕಾರು ಗೇಟಿಗೆ ಬಂತು. ಎತ್ಕೊಂಡು ಬನ್ನಿ!"

ನಾನು ಪೆಟ್ಟಿಗೆಗೆ ಕೈ ಹಾಕಿದೆ. ದೇವಕಿ ಅದನ್ನು ತನ್ನ ಕಡೆ ಎಳೆದುಕೊಂಡಳು.

"ಕೊಡಮ್ಮ," ಅಂದೆ. "ನಾನೂ ನಿಮ್ಮೋನೇ."

"ನೀವು ಯಾವ ಕೇರಿಯೋರಾದ್ರೂ ಆಗಿ ಸಾರ್," ಎಂದಳು ಅವಳು, ಪೆಟ್ಟಿಗೆಯನ್ನು ಸೊಂಟಕ್ಕೆ ಏರಿಸುತ್ತ. "ನಾವು ಹೊರಗೆ ನಿಲ್ಲೋ ಕಡೆ ನಮ್ ಸೇತುವೆ ಒಳಗೆ ಬರಲ್ಲ."