ವಿದೇಶದ ಪುಟ

ತಾತ ಗಾದಿಯ ಒಂದು ತುದಿ ಹಿಡಿದು ಕೂತಿದ್ದ, ನಾನು ಇನ್ನೊಂದು ತುದಿ. ನಾನು ಬ್ಲೇಡಿನಿಂದ ಹೊಲಿಗೆ ಬಿಡಿಸುತ್ತಾ ಬಂದೆ, ಅವನು ದಾರ ತುಂಡಾಗದ ಹಾಗೆ ಎಳೆದು ಬೆರಳಿಗೆ ಸುತ್ತಿಕೊಂಡ. ಅವನ ಕಣ್ಣು ದಾರದ ಮೇಲೇ ಇತ್ತು. ಬೇರೆ ದಿನವಾಗಿದ್ದರೆ ಈ ಗಾದಿ ಯಾರ ಮದುವೆಗೆ ಮಾಡಿಸಿದ್ದು, ಅದರ ಮೇಲೆ ಎಷ್ಟು ಮಕ್ಕಳು ಉಚ್ಚೆ ಹೊಯ್ದಿವೆ ಅಂತೆಲ್ಲ ಹೇಳಿ ನಗಿಸುತ್ತಿದ್ದ. ಬೆಳಿಗ್ಗೆ ಹರಿಹರದ ಗೂಡ್ಸ್ ಆಟೋದವನು ಅದನ್ನು ಇಳಿಸಿ, "ಕೊಟ್ಟೂರೇಶಪ್ಪನವರ ಮನೇದ್ರಿ. ಹತ್ತಿ ಹಿಂಜಿ ಹೊಸದಾಗಿ ಹೊಲೀಬೇಕಂತೆ" ಎಂದು ಹೇಳಿ ಹೋಗಿದ್ದ. ಆಗಿನಿಂದ ತಾತ ಹೀಗೇ ಇದ್ದ.

ಕೊಟ್ಟೂರೇಶ್ ಕಾಕಾ ನಮ್ಮ ಅಂಗಡಿಗೆ ಕಾಲಿಡದೆ ಎಂಟು ವರ್ಷದ ಮೇಲಾಗಿದೆ.

ನಮ್ಮದು ದಾವಣಗೆರೆಯ ಸರಸ್ವತಿ ನಗರದ ತಿರುವಿನಲ್ಲಿರುವ ಗಾದಿ ಅಂಗಡಿ. ತಾತ ಇಮಾಮ್ ಸಾಬ್ ಇಲ್ಲಿ ಎರಡು ನಿಯಮ ಮಾಡಿದ್ದ. ಒಂದು ಮನೆಯ ಹತ್ತಿ ಇನ್ನೊಂದು ಮನೆಯ ಗಾದಿಗೆ ಹೋಗಬಾರದು. ಹಳೆ ಗಾದಿ ಕೊಟ್ಟವರಿಗೆ ಅವರದೇ ಹತ್ತಿ ವಾಪಸ್ ಹೋಗಬೇಕು, ಒಂದು ಹಿಡಿಯೂ ಅದಲು ಬದಲಾಗಬಾರದು. ಎರಡನೆಯದು, ಅಂಗಡಿಯಲ್ಲಿ ನಮ್ಮ ದೇಶದ ರಾಜಕೀಯ ಮಾತಾಡಬಾರದು. "ಎಲ್ಲಾ ಪಾರ್ಟಿಯೋರೂ ರಾತ್ರಿ ಮಲಗ್ತಾರೆ. ಎಲ್ಲರಿಗೂ ಗಾದಿ ಬೇಕು" ಅನ್ನುತ್ತಿದ್ದ.

ಆದರೆ ಸಂಜೆ ಬಂದು ಕೂರುತ್ತಿದ್ದ ಅವನ ಇಬ್ಬರು ಗೆಳೆಯರಿಗೆ ರಾಜಕೀಯವಿಲ್ಲದೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಬ್ಬರು ಕರಿಬಸವರಾಜಪ್ಪ, ಮುಚ್ಚಿಹೋದ ಹತ್ತಿ ಮಿಲ್ಲಿನಲ್ಲಿ ಯೂನಿಯನ್ ಲೀಡರ್ ಆಗಿದ್ದವರು. ಇನ್ನೊಬ್ಬ ಕೊಟ್ಟೂರೇಶ್ ಕಾಕಾ. ಹರಿಹರದಲ್ಲಿ ತಾನು ದುಡಿಯುತ್ತಿದ್ದ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ದಿನಾ ಕೆಲಸಕ್ಕೆ ಬರುತ್ತಿದ್ದ. ಊರಿನ ಬಸ್ಸು ಹತ್ತುವ ಮೊದಲು ನಮ್ಮಲ್ಲಿ ಕೂರುವುದು ರೂಢಿ. ಅವರಿಗಾಗಿ ತಾತ ಒಂದು ಸಡಿಲಿಕೆ ಕೊಟ್ಟಿದ್ದ. ವಿದೇಶದ ರಾಜಕೀಯ ಎಷ್ಟು ಬೇಕಾದರೂ ಮಾತಾಡಬಹುದು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಅಂಗಡಿಗೆ ಬಂದದ್ದು ಆಗಲೇ. ಅಮ್ಮನಿಗೆ ಕಾಯಿಲೆ, ತಾತನಿಗೆ ಸೂಜಿ ಕಾಣುತ್ತಿರಲಿಲ್ಲ. ಕರಿಬಸವರಾಜಪ್ಪನವರ ಕಣ್ಣಿಗೂ ಪೊರೆ ಬಂದಿತ್ತು. ಹಾಗಾಗಿ ಪೇಪರಿನ ವಿದೇಶದ ಪುಟ ಓದುವ ಕೆಲಸ ನನಗೆ ಬಂತು. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದವಳು ನಾನು. ಪೇಪರ್ ಕೈಗೆ ಕೊಟ್ಟರೆ ಮಾತ್ರ ದನಿ ಹೊರಡುತ್ತಿತ್ತು. ಅದರೊಳಗಿನದು ನನ್ನ ಮಾತಲ್ಲವಲ್ಲ.

ಇಂಗ್ಲೆಂಡ್ ಅವರಿಗೆ ಬಲು ಹತ್ತಿರದ ದೇಶ. ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರಲ್ಲ, ಅದಕ್ಕೆ ಮ್ಯಾಂಚೆಸ್ಟರ್ ಅಂದರೆ ದೊಡ್ಡ ಅಕ್ಕನನ್ನು ಕೊಟ್ಟ ಊರಿನ ಹಾಗೆ ಮಾತಾಡುತ್ತಿದ್ದರು. "ಅಲ್ಲೂ ಮಿಲ್ಲು ಮುಚ್ಚಿದ್ವಂತೆ, ಪಾಪ" ಎಂದು ಕಾಕಾ ಲೊಚಗುಟ್ಟುತ್ತಿದ್ದ. ಒಳಗಿನಿಂದ ಅಜ್ಜಿ ಮಾಬೂಬೀ, "ನಿಮಗೆ ಇಂಗ್ಲೆಂಡಿನಾಗೆ ಎಷ್ಟು ಎಕರೆ ಐತ್ರಿ?" ಎಂದು ಕೂಗುತ್ತಿದ್ದಳು.

"ನೀರಾವರಿ ಇಲ್ಲ ಮಾಬೂಬೀ, ಬರೀ ಖುಷ್ಕಿ" ಎಂದು ಕಾಕಾ ಇಲ್ಲಿಂದಲೇ ಕೂಗುತ್ತಿದ್ದ.

ಆ ದೇಶ ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಓಟು ನಡೆದ ವರ್ಷ ಇಬ್ಬರೂ ಮಿರ್ಚಿ ಮಂಡಕ್ಕಿಯ ಪಂದ್ಯ ಕಟ್ಟಿದರು. ಕೆಲಸಗಾರರ ಪಾರ್ಟಿಯೇ ಒಕ್ಕೂಟದಲ್ಲಿ ಇರೋಣ ಅಂದ ಮೇಲೆ ಕೆಲಸಗಾರರು ಬೇರೆ ಕಡೆ ಹೇಗೆ ಓಟು ಹಾಕುತ್ತಾರೆ ಎಂದು ಕರಿಬಸವರಾಜಪ್ಪ. "ಮಿಲ್ ಮುಚ್ಚಿದ ಊರಿನೋರು ಯಾರ ಮಾತು ಕೇಳ್ತಾರ್ರಿ? ಬಿಟ್ಟು ಹೋಗ್ತಾರೆ ನೋಡ್ರಿ" ಎಂದು ಕಾಕಾ. ಫಲಿತಾಂಶ ನಾನೇ ಓದಿದೆ. ಮ್ಯಾಂಚೆಸ್ಟರ್ ಪಟ್ಟಣ ಇರೋಣ ಅಂದಿತ್ತು, ಸುತ್ತಲಿನ ಹಳೇ ಮಿಲ್ಲಿನ ಊರುಗಳಲ್ಲಿ ಹೆಚ್ಚಿನವು ಬಿಡೋಣ ಅಂದಿದ್ದವು. ದೇಶ ಬಿಟ್ಟಿತ್ತು. ಕರಿಬಸವರಾಜಪ್ಪ ಮಂಡಕ್ಕಿ ತರಿಸಿದರು, ತಾವು ಮಾತ್ರ ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಕಾಕಾ ಮೆಣಸಿನಕಾಯಿಯ ತೊಟ್ಟು ಹಿಡಿದು ಅವರ ಮುಂದೆ ಆಡಿಸುತ್ತಾ, "ತಿನ್ರಿ ಲೀಡರೇ, ಖಾರ ಇಲ್ಲ" ಅಂದ. ಆ ಸಂಜೆಯ ನಗು ನನಗೆ ಈಗಲೂ ಕೇಳಿಸುತ್ತದೆ. ಹೊಸ ಹತ್ತಿಯ ರಾಶಿ, ಅದರ ಮೇಲೆ ಕೂತ ಮೂವರು, ಅವರ ಹುಬ್ಬು ಮೀಸೆಗಳ ಮೇಲೆ ಬಿಳಿ ಎಳೆ.

ಅದೇ ವರ್ಷ ಅಮೆರಿಕದ ಚುನಾವಣೆಯೂ ಬಂತು, ಅದಕ್ಕೂ ಪಂದ್ಯ ಕಟ್ಟಿದರು. ಅದರ ಫಲಿತಾಂಶದ ಹೊತ್ತಿಗೆ ಸರಿಯಾಗಿ ನಮ್ಮಲ್ಲಿ ನೋಟು ಬಂದ್ ಆಗಿತ್ತು. ಊರೆಲ್ಲ ಬ್ಯಾಂಕಿನ ಮುಂದೆ ನಿಂತಿತ್ತು, ನಮ್ಮ ಅಂಗಡಿಯಲ್ಲಿ ಮಾತ್ರ ನೋಟಿನ ಸುದ್ದಿ ಎತ್ತುವ ಹಾಗಿರಲಿಲ್ಲ. ಆದ್ದರಿಂದ ಎಲ್ಲರ ಸಿಟ್ಟೂ ಅಮೆರಿಕದ ಮೇಲೆ ಬಿತ್ತು.

"ಎಲ್ಡೂ ಸಲ ನಾನೇ ಗೆದ್ದೆ ಲೀಡರೇ" ಎಂದ ಕಾಕಾ.

"ನೀನು ಗೆಲ್ಲಲಿಲ್ಲ, ಕೆಲಸಗಾರ ಸೋತ" ಎಂದರು ಕರಿಬಸವರಾಜಪ್ಪ. "ಶ್ರೀಮಂತನ್ನ ನಂಬಿ ಓಟು ಹಾಕ್ಯಾನೆ. ಬುದ್ಧಿ ಬ್ಯಾಡವಾ?"

"ಬುದ್ಧಿ ಹೇಳೋರು ಬಾಳ ಆದ್ರು, ಅದಕ್ಕೇ ಹಿಂಗಾತು. ಪೇಪರ್‌ನೋರು ಹೇಳಿದ್ರು, ಪ್ರೊಫೆಸರ್‌ಗಳು ಹೇಳಿದ್ರು. ಫ್ಯಾಕ್ಟರಿ ಮುಚ್ಚಿದ ದಿನ ಒಬ್ರಾದ್ರೂ ಗೇಟಿಗೆ ಬಂದ್ರಾ?" ಕಾಕಾನ ದನಿ ಏರಿತು. "ಗುತ್ತೂರಿನ ಫ್ಯಾಕ್ಟರಿಯಾಗೆ ನಮ್ಮ ಬಕ್ಕೇಶನ್ನ ಕೆಲಸದಿಂದ ಬಿಡಿಸಿದ್ರು. ಅವನ ಜಾಗಕ್ಕೆ ಎಲ್ಲಿಂದಲೋ ಲಾರಿಯಾಗೆ ಹುಡುಗ್ರನ್ನ ತಂದಾರೆ. ಅರ್ಧ ಕೂಲಿ. ನಿಮ್ಮ ಯೂನಿಯನ್ ಪುಸ್ತಕದಾಗೆ ಇದಕ್ಕೇನು ಬರದೈತ್ರಿ? ಅಮೆರಿಕದೋರು ಸರಿಯಾಗೇ ಮಾಡ್ಯಾರೆ. ಹೊರಗಿನೋರು ಹೊರಗೇ ಇರಬೇಕು."

ಬಕ್ಕೇಶ್ ಕಾಕಾನ ಮಗ. ಅವನ ಕೆಲಸ ಹೋದದ್ದು ನಮಗೆ ತಿಳಿದದ್ದೇ ಆ ಕ್ಷಣ. ಅಲ್ಲಿಯವರೆಗೆ ಕಾಕಾ ಆ ಸುದ್ದಿಯನ್ನು ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಹೊತ್ತು ತಿರುಗುತ್ತಿದ್ದ.

ತಾತ ಹತ್ತಿ ತುಂಬುತ್ತಿದ್ದ. ಕೈ ನಿಲ್ಲಿಸದೆ, ತಮಾಷೆಯ ದನಿಯಲ್ಲಿ, "ಅಲ್ಲ ಕೊಟ್ರೇಶಿ, ನಮ್ಮಪ್ಪ ಇಲ್ಲೇ ಪಕ್ಕದ ಮಾಯಕೊಂಡದಿಂದ ಬಂದೋನು. ನಾನು ಒಳಗಿನೋನಾ, ಹೊರಗಿನೋನಾ?" ಎಂದು ಕೇಳಿದ.

"ಒಳಗಿನೋನು" ಅಂದಿದ್ದರೆ ಮುಗಿಯುತ್ತಿತ್ತು. "ಹೊರಗಿನೋನು ಕಣಲೇ, ಎದ್ದು ಹೋಗು" ಅಂದು ನಕ್ಕಿದ್ದರೂ ಮುಗಿಯುತ್ತಿತ್ತು. ಕಾಕಾ ತನ್ನ ಚಪ್ಪಲಿ ನೋಡಿದ. "ನಿನ್ನ ಮಾತು ಯಾಕ ಬಂತು ಇಲ್ಲಿ?" ಅಂದ.

"ಸುಮ್ನೆ ಕೇಳಿದೆ."

"ಸುಮ್ನೆ ಕೇಳೋ ಮಾತಲ್ಲ ಅದು."

ತಾತನ ಕೈ ಆಗ ನಿಂತಿತು. "ಬಸ್ಸಿಗೆ ಹೊತ್ತಾತು" ಎಂದು ಕಾಕಾ ಎದ್ದ. ಮರುದಿನ ಬರಲಿಲ್ಲ. ಮುನಿಸು ಅಂದುಕೊಂಡೆವು, ವಾರದಲ್ಲಿ ಇಳಿಯುತ್ತದೆ ಅಂದುಕೊಂಡೆವು. ತಾತ ಬಹಳ ದಿನ ಮೂರು ಲೋಟ ಚಹಾ ತರಿಸುತ್ತಿದ್ದ. ಆಮೇಲೆ ಎರಡು. ಹೋದ ವರ್ಷ ಕರಿಬಸವರಾಜಪ್ಪ ತೀರಿಕೊಂಡ ಮೇಲೆ ಪೇಪರ್ ತರಿಸುವುದನ್ನೂ ಬಿಟ್ಟ.

ಕಾಕಾನ ಗಾದಿಯಿಂದ ಬಿಚ್ಚಿದ ಹತ್ತಿಯನ್ನು ಯಂತ್ರಕ್ಕೆ ಹಾಕಿ ಹಿಂಜಿದೆವು. ಅರ್ಧ ಹತ್ತಿ ಧೂಳಾಗಿ ಹೋಗಿತ್ತು. ಉಳಿದದ್ದನ್ನು ಹೊಸ ಬಟ್ಟೆಗೆ ತುಂಬಿದರೆ ಗಾದಿ ಹಪ್ಪಳದಂತೆ ಮಲಗಿತು.

"ಅಂಗಡಿ ಹತ್ತಿ ಹಾಕಲಾ ತಾತ?" ಎಂದೆ.

ತಾತ ಒಳಗೆ ಹೋಗಿ ತನ್ನ ಹಾಸಿಗೆಯನ್ನೇ ಎಳೆದು ತಂದ. ನನ್ನ ಕೈಯಿಂದ ಬ್ಲೇಡು ಇಸಿದುಕೊಂಡು ಅದರ ಹೊಲಿಗೆ ಸೀಳಿ, ಎರಡೂ ಕೈ ತುಂಬಾ ಹತ್ತಿ ತೆಗೆದು ಕಾಕಾನ ಗಾದಿಗೆ ತುಂಬತೊಡಗಿದ. ಒಂದು ಮನೆಯ ಹತ್ತಿ ಇನ್ನೊಂದು ಮನೆಗೆ ಹೋಗಬಾರದು ಅಂದವನು ಅವನೇ.

"ನೀನು ಯಾತರ ಮ್ಯಾಲೆ ಮಲಗ್ತೀಯ?" ಎಂದು ಅಜ್ಜಿ ಬಂದು ನಿಂತಳು.

"ಚಾಪಿ ಐತಲ್ಲ" ಎಂದ. ನನ್ನ ಕಡೆ ತಿರುಗಿ, "ನೀನೇ ಹೋಗಿ ಕೊಟ್ಟು ಬಾ" ಅಂದ. ನಾನು ಆಟೋ ಹತ್ತುವಾಗ ಹೊರಗೆ ಬಂದು, ಗಾದಿಯ ಹಗ್ಗ ಬಿಗಿಯಾಗಿದೆಯೇ ಅಂತ ಎರಡು ಸಲ ಎಳೆದು ನೋಡಿದ.

ಹರಿಹರದ ಆ ಮನೆಗೆ ಚಿಕ್ಕವಳಿದ್ದಾಗ ತಾತನ ಸೈಕಲ್ಲಿನಲ್ಲಿ ಹೋಗಿದ್ದೆ. ಬಾಗಿಲಿನ ಹಸಿರು ಬಣ್ಣ ಹಾಗೇ ಇತ್ತು. ಕಾಕಾನ ಸೊಸೆ ಆಶಾರಾಣಿ ಬಾಗಿಲು ತೆಗೆದಳು. ಕಾಕಾ ಮಂಚದ ಮೇಲೆ ಕೂತು ಫೋನ್ ನೋಡುತ್ತಿದ್ದ. ಬಹಳ ಸಣ್ಣಗಾಗಿದ್ದ. ಫೋನಿನಲ್ಲಿ ಯಾರೋ ಕನ್ನಡದಲ್ಲಿ ಇಂಗ್ಲೆಂಡಿನ ಸುದ್ದಿ ಹೇಳುತ್ತಿದ್ದರು. ಅಲ್ಲಿ ಜನ ಎರಡು ದೊಡ್ಡ ಪಾರ್ಟಿಗಳನ್ನೂ ಬಿಟ್ಟು ಮೂರನೆಯದರ ಹಿಂದೆ ಹೊರಟಿದ್ದಾರಂತೆ.

"ಯಾರು? ಗುಲ್ನಾಜಾ?" ಎಂದ. "ಎಷ್ಟು ದೊಡ್ಡಾಕಿ ಆಗೀಯೇ!"

ಅವನು ಎದ್ದು ನಿಂತ. ನಾನೂ ಆಶಾರಾಣಿಯೂ ಗಾದಿ ಹಾಸಿದೆವು. ಅವನು ಅಂಗೈಯಿಂದ ಒತ್ತಿ ನೋಡಿದ. ಮತ್ತೆ ಒತ್ತಿದ.

"ನಮ್ಮ ಹತ್ತಿ ಇಷ್ಟು ಇರಲಿಲ್ಲಲ್ಲ."

"ತಾತ ಹಾಕ್ಯಾನೆ."

"ಅಂಗಡೀದಾ?"

"ಅಲ್ಲ. ತನ್ನ ಹಾಸಿಗೇದು."

ಕಾಕಾ ಗಾದಿಯ ಅಂಚಿನಲ್ಲಿ ಕೂತ. ಕೈ ಅದರ ಮೇಲೇ ಇತ್ತು. ಆಶಾರಾಣಿ ನನ್ನನ್ನೂ ಅವನನ್ನೂ ನೋಡಿ ಚಹಾ ಇಡಲು ಒಳಗೆ ಹೋದಳು. ಫೋನ್ ತನ್ನ ಪಾಡಿಗೆ ಮಾತಾಡುತ್ತಿತ್ತು. ನಾನು ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡೆ, ಬಿಚ್ಚಿದೆ. ಓದಲು ಕೈಯಲ್ಲಿ ಪೇಪರ್ ಇರಲಿಲ್ಲ.

"ಕಾಕಾ" ಎಂದೆ. "ಒಂದಿನ ಸಂಜಿಗೆ ಅಂಗಡಿಗೆ ಬರ್ರಿ."

ಫೋನಿನವನು ಮುಂದಿನ ಸುದ್ದಿಗೆ ಹೋದ.